ಇರುವೆ ಕಂಡ ಬೆಲ್ಲ

ಬೇವಿನ ಹೂವನ್ನು ಬಡಿದು ಉದುರಿಸಬಾರದು, ತಾನಾಗಿ ಉದುರಿದ್ದನ್ನೇ ಆಯ್ದುಕೊಳ್ಳಬೇಕು ಎಂಬುದು ಕನಕಮ್ಮನ ಕಟ್ಟಳೆ. ಕೋಲಿನಿಂದ ಬಡಿದರೆ ಹೂವಿನ ಜೊತೆ ತೊಟ್ಟು, ಎಳೆಯ ಎಲೆ ಎಲ್ಲ ಬಂದು ಬೀಳುತ್ತವೆ. ಆಮೇಲೆ ಯುಗಾದಿಯ ಬೇವು ಕುಡಿದವರ ಮುಖ ಸಂಜೆಯವರೆಗೂ ನೆಟ್ಟಗಾಗುವುದಿಲ್ಲ. ಅದಕ್ಕೇ ಹಬ್ಬ ಇನ್ನೂ ನಾಲ್ಕು ದಿನ ಇರುವಾಗ, ಬೆಳಕು ಹರಿಯುವ ಹೊತ್ತಿಗೆ, ತಾಯಿ ಮಗಳು ಹಳೆಯ ಸೀರೆಯೊಂದನ್ನು ಹಿಡಿದು ಓಣಿಯ ಕೊನೆಯ ಬೇವಿನ ಮರದಡಿ ಹೋದರು.

ಹೋದ ವರ್ಷದವರೆಗೆ ಕನಕಮ್ಮ ಮುಂದೆ, ಸುಕನ್ಯಾ ಹಿಂದೆ. ಈ ಸಲ ಸುಕನ್ಯಾ ಹೆಜ್ಜೆ ಸಣ್ಣ ಮಾಡಿಕೊಂಡು ತಾಯಿಯ ಪಕ್ಕದಲ್ಲೇ ನಡೆದಳು.

ಸೀರೆ ಹಾಸಿ ಅದರ ಅಂಚಿನಲ್ಲಿ ಕೂತರು. ಎಂಟು ಗಂಟೆಯಾದರೆ ಕನಕಗಿರಿಯ ಬಿಸಿಲಿಗೆ ಯಾರಿಗೂ ಮುಖ ಕೊಡಲಾಗುವುದಿಲ್ಲ. ಆದರೆ ಆ ಮುಂಜಾನೆಯ ತಾಸು ಮಾತ್ರ ನೆಲ ತಣ್ಣಗಿರುತ್ತದೆ, ಎಲ್ಲೋ ಒಂದು ಕೋಗಿಲೆ ಕೂಗುತ್ತದೆ, ಗಾಳಿ ಒಂದಿಷ್ಟು ಅಲುಗಿದರೆ ಸಾಕು, ಹೂ ಸದ್ದಿಲ್ಲದೆ ಉದುರುತ್ತದೆ. ಕನಕಮ್ಮ ತಲೆಯ ಮೇಲಿನ ಸೆರಗು ಸರಿಸಿದಳು. ಉದುರಿ ಹೋಗಿ ಹೊಸದಾಗಿ ಬಂದ ಕೂದಲು ಒಂದು ಬೆರಳಿನಷ್ಟಿತ್ತು. ಅದರ ಮೇಲೂ ನಾಲ್ಕು ಹೂ ಬಿದ್ದವು. ಅವಳು ಕೊಡವಿಕೊಳ್ಳಲಿಲ್ಲ.

"ಏನ್ ವಾಸನಿ ನೋಡವ್ವಾ," ಎಂದಳು. "ಮೂಗರ ನನ್ನ ಕೈ ಬಿಟ್ಟಿಲ್ಲ."

ಸುಕನ್ಯಾ ತಲೆಯಾಡಿಸಿದಳು. ಮಾತಿಗೆ ಮಾತು ಕೊಡುವ ಹುಡುಗಿಯಲ್ಲ ಅವಳು. ಗಂಗಾವತಿ ಕಾಲೇಜಿನಲ್ಲಿ ಮೂರು ವರ್ಷ ಓದಿ ಡಿಗ್ರಿ ಮುಗಿಸಿ ಬಂದರೂ, ಬಸ್ಸಿನಲ್ಲಿ ತನ್ನ ನಿಲ್ದಾಣ ಬಂತೆಂದು ಹೇಳಲಾರದೆ ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ಬಂದವಳು.

ಮೂಗೇನೋ ಕೈ ಬಿಟ್ಟಿರಲಿಲ್ಲ. ನಾಲಿಗೆ ಬಿಟ್ಟಿತ್ತು. ಎಲೆ ಅಡಿಕೆಯ ಜೊತೆ ಇಪ್ಪತ್ತೈದು ವರ್ಷ ಕೆನ್ನೆಯಲ್ಲಿ ಒತ್ತಿಟ್ಟುಕೊಂಡ ತಂಬಾಕು ಹೋದ ಮಳೆಗಾಲದಲ್ಲಿ ಹುಣ್ಣಾಗಿ, ಹುಣ್ಣು ಗಂಟಾಗಿ, ಹುಬ್ಬಳ್ಳಿಯ ದೊಡ್ಡ ದವಾಖಾನೆಯವರೆಗೆ ಎಳೆದೊಯ್ದಿತ್ತು. ಅಲ್ಲಿ ಗಂಟು ಸುಡಲು ಕರೆಂಟು ಕೊಟ್ಟರು, ಸೂಜಿ ಹಾಕಿದರು. ಗಂಟು ಕರಗಿತು ಅಂದರು. ಅದರ ಸಂಗಡ ರುಚಿಯೂ ಹೋಯಿತು, ಬೆರಳ ತುದಿಗಳಿಗೆ ಬಿಡದ ಜೋಮು ಹಿಡಿಯಿತು. ಸಂಕ್ರಾಂತಿಯ ಹೊತ್ತಿಗೆ ಕನಕಮ್ಮ ಮನೆಯಲ್ಲಿ ಎಲ್ಲರಿಗೂ, "ನಾಲಿಗಿ ತಿರುಗಿ ಬಂತು," ಎಂದು ಹೇಳಿದ್ದಳು. ಅವಳ ಗಂಡ ಗ್ಯಾನಪ್ಪ ನಂಬಿದ. ಸುಕನ್ಯಾಳೂ ನಂಬಿದ್ದಳು, ಮೊನ್ನೆ ಮಾವಿನಕಾಯಿ ಕೊಯ್ಯುವವರೆಗೆ.

ಸಂತೆಯಿಂದ ತಂದ ಮೊದಲ ಕಾಯಿ ಅದು. ಸುಕನ್ಯಾ ಹೋಳು ಮಾಡಿ ಉಪ್ಪು ಖಾರ ಸವರಿ ಕೊಟ್ಟಳು. ಕನಕಮ್ಮ ಅಗಿದಳು. ಕಣ್ಣು ಕಿರಿದಾಗಲಿಲ್ಲ, ಹುಬ್ಬು ಗಂಟಾಗಲಿಲ್ಲ. ಮಗಳು ಒಂದು ಹೋಳು ಬಾಯಿಗಿಟ್ಟು ಮುಖ ಸಿಂಡರಿಸಿದ್ದನ್ನು ನೋಡಿದ ಮೇಲೆ, "ಹುಳಿ ಭಾಳ ಐತಿ ಬಿಡು," ಎಂದಳು. ಆವತ್ತಿನಿಂದ ಸುಕನ್ಯಾ ಗಮನಿಸುತ್ತಿದ್ದಳು. ಸಾರು ಉಂಡಾಗಲೂ ಅಷ್ಟೆ, ಮಜ್ಜಿಗೆ ಕುಡಿದಾಗಲೂ ಅಷ್ಟೆ. ಅವ್ವ ಮೊದಲು ಮಗಳ ಮುಖ ನೋಡುತ್ತಾಳೆ, ಆಮೇಲೆ ರುಚಿ ಹೇಳುತ್ತಾಳೆ.

ಹೋದ ತಿಂಗಳು ತೋರಿಸಲು ಹೋದಾಗ, ಪ್ರತಿ ಸಲ ಮುಂದಿನ ತಾರೀಕನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದ ಡಾಕ್ಟರು ಬರೆದಿರಲಿಲ್ಲ. ಹೊಸ ಸ್ಕ್ಯಾನಿಂಗ್ ಫೋಟೋಗಳನ್ನು ನೋಡಿ, ಗ್ಯಾನಪ್ಪನನ್ನು ಹೊರಗೆ ಕರೆದು, "ಯುಗಾದಿ ಮುಗಿಸ್ಕೊಂಡು ಬರ್ರಿ. ಅವರು ಏನ್ ಕೇಳ್ತಾರ ಅದನ್ನ ಮಾಡಿಕೊಡ್ರಿ," ಎಂದಿದ್ದರು. ಕನಕಮ್ಮ ಕೇಳಿದ್ದು ಒಂದೇ. ಈ ವರ್ಷದ ಬೇವು ತಾನೇ ಕಲಸಬೇಕು.

ಅವಳ ಬೇವು ಅಂದರೆ ಇಡೀ ಓಣಿ ಲೋಟ ಹಿಡಿದು ಬರುತ್ತದೆ. ಹೊಸ ಗಡಿಗೆಯಲ್ಲಿ ಹುಣಸೆಹಣ್ಣಿನ ರಸ, ಬೆಲ್ಲದ ನೀರು, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಕೊಬ್ಬರಿ, ಉತ್ತತ್ತಿ, ದ್ರಾಕ್ಷಿ, ಕೊನೆಗೆ ಹೂ. ದೇವರಿಗೆ ಎಡೆ ತೋರಿಸುವ ಮೊದಲು ಯಾರೂ ನಾಲಿಗೆಗೆ ಹಚ್ಚಿ ನೋಡುವ ಹಾಗಿಲ್ಲ, ಎಂಜಲಾಗುತ್ತದೆ. ಮೂವತ್ತು ವರ್ಷದಿಂದ ಕನಕಮ್ಮ ರುಚಿ ನೋಡದೆಯೇ ಕಲಸಿದವಳು. ಬೆರಳನ್ನು ಅದ್ದಿ ಹೆಬ್ಬೆರಳಿಗೆ ತಾಗಿಸಿ, ಅಂಟು ಎಷ್ಟಿದೆ ಎಂಬುದರ ಮೇಲೆ ಬೆಲ್ಲದ ಅಳತೆ ಹೇಳುತ್ತಿದ್ದಳು.

ಹಬ್ಬದ ದಿನವೂ ಹಾಗೆಯೇ ಮಾಡಿದಳು. ಸುಕನ್ಯಾ ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದಳು. ಒಳಗಿನಿಂದ ಅವ್ವ ಯಾವುದೋ ಹಳೆಯ ಬೀಸುವ ಪದ ಗುನುಗುವುದು ಕೇಳಿಸಿತು. ಎಂಟು ತಿಂಗಳ ಮೇಲೆ ಕೇಳಿದ ದನಿ. ಸುಕನ್ಯಾ ಕಟ್ಟುವುದನ್ನು ಬಿಟ್ಟು ಹಾಗೇ ನಿಂತು ಕೇಳಿದಳು.

ಎಡೆಯಾಯಿತು, ಗ್ಯಾನಪ್ಪ ಕಾಯಿ ಒಡೆದ. ಕನಕಮ್ಮ ಗಡಿಗೆಯನ್ನು ಕಟ್ಟೆಗೆ ತರಿಸಿಕೊಂಡು ಸೌಟು ಹಿಡಿದು ಕೂತಳು. ಲೋಟ ತರಲು ಸುಕನ್ಯಾ ಅಡುಗೆಮನೆಗೆ ಹೋದಾಗ ಗೋಡೆಯ ಬುಡದಲ್ಲಿ ಇರುವೆಯ ಸಾಲು ಕಂಡಿತು. ಸಾಲು ಒಲೆಯ ಪಕ್ಕದ ಪಾತ್ರೆಗೆ ಹತ್ತಿತ್ತು. ಮುಚ್ಚಿದ್ದ ತಟ್ಟೆ ಸರಿಸಿದಳು. ರಾತ್ರಿ ನೆನೆಹಾಕಿದ ಬೆಲ್ಲದ ನೀರು, ತುಂಬಿದಂತೆಯೇ ಇತ್ತು. ಸಾರಿಗೆಂದು ಬೇರೆ ನೆನೆಸಿಟ್ಟ ಹುಣಸೆ ರಸದ ಪಾತ್ರೆ ಖಾಲಿಯಾಗಿ ಬೋರಲು ಬಿದ್ದಿತ್ತು. ಎರಡೂ ಒಂದೇ ಬಣ್ಣ, ಒಂದೇ ಅಳತೆಯ ಪಾತ್ರೆ. ಗಡಿಗೆಯಲ್ಲಿ ಮೊದಲೇ ಹುಣಸೆ ಇದ್ದದ್ದರಿಂದ ಅವ್ವನ ಮೂಗಿಗೂ ಗೊತ್ತಾಗಿರಲಿಲ್ಲ, ಜೋಮು ಹಿಡಿದ ಬೆರಳಿಗೆ ಅಂಟೂ ತಿಳಿದಿರಲಿಲ್ಲ.

ಸುಕನ್ಯಾ ಪಾತ್ರೆ ಎತ್ತಿಕೊಂಡು ಹೊಸ್ತಿಲವರೆಗೆ ಬಂದಳು. ಹೊರಗೆ ಅವ್ವ ಗಡಿಗೆಯೊಳಗೆ ಸೌಟು ತಿರುಗಿಸುತ್ತ ನಗುತ್ತಿದ್ದಳು. ಎದುರುಮನೆಯ ಪರಮೇಶ ಏನೋ ಚಾಷ್ಟಿ ಮಾಡಿದ್ದ. ಹೇಳಬೇಕಾದದ್ದು ಒಂದೇ ಮಾತು. ಆ ಮಾತು ಹೇಳಿದರೆ ಸಂಕ್ರಾಂತಿಯಿಂದ ಅವ್ವ ಮುಚ್ಚಿಟ್ಟುಕೊಂಡು ಬಂದದ್ದೆಲ್ಲ ಓಣಿಯ ಮುಂದೆ ಬಿಚ್ಚಿಕೊಳ್ಳುತ್ತದೆ. ಸುಕನ್ಯಾ ಪಾತ್ರೆಯನ್ನು ಬಾಗಿಲ ಹಿಂದೆ ಇಟ್ಟು ಲೋಟಗಳನ್ನಷ್ಟೇ ಹೊರಗೆ ತಂದಳು.

ಮೊದಲ ಲೋಟ ಗ್ಯಾನಪ್ಪನದು. ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದ. ಆಮೇಲೆ ಉಳಿದದ್ದನ್ನು ತಲೆಯೆತ್ತಿ ಒಂದೇ ಉಸಿರಿಗೆ ಇಳಿಸಿ, ಲೋಟ ಕೆಳಗಿಟ್ಟ.

"ಛಲೋ ಆಗೇತಿ," ಎಂದು ದನದ ಕೊಟ್ಟಿಗೆಯ ಕಡೆ ನೋಡಿದ.

ಪರಮೇಶ ಬಾಯಿಗಿಟ್ಟು ಗ್ಯಾನಪ್ಪನ ಮುಖ ನೋಡಿದ. ಗ್ಯಾನಪ್ಪ ಇವನ ಮುಖ ನೋಡಿದ. "ಹೌದ್ರಿ ಚಿಗವ್ವ, ಮಸ್ತ್ ಐತ್ರಿ," ಎಂದ ಪರಮೇಶ. ಚಾಷ್ಟಿ ಎಲ್ಲ ಇಳಿದು ಹೋಗಿತ್ತು.

ಆಗ ಲಾಲಬೀ ಬಂದಳು. ಪಕ್ಕದ ಮನೆಯವಳು, ಕನಕಮ್ಮ ಮದುವೆಯಾಗಿ ಬಂದ ವರ್ಷವೇ ಆ ಓಣಿಗೆ ಸೊಸೆಯಾಗಿ ಬಂದವಳು. ರಂಜಾನಿಗೆ ಅವಳ ಸುರಕುಂಬಾ ಪಾಯಸ ಈ ಮನೆಗೆ, ಯುಗಾದಿಗೆ ಈ ಮನೆಯ ಬೇವು ಅವಳಿಗೆ. ನಿಂತೇ ಕುಡಿದಳು. ಒಂದು ಗಳಿಗೆ ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಸುಕನ್ಯಾಳನ್ನು ನೋಡಿದಳು. ಸುಕನ್ಯಾ ತಲೆ ತಗ್ಗಿಸಿದಳು.

"ಕನಕವ್ವ, ಇಂಥಾ ಬೇವು ನಾ ಕುಡದೇ ಇಲ್ಲ ನೋಡು. ಭಾಳ ರುಚಿ ಆಗೇತಿ," ಎಂದಳು ಲಾಲಬೀ.

ಕನಕಮ್ಮ ಸೌಟು ಕೆಳಗಿಟ್ಟಳು.

"ಹೋದ ವರ್ಷ ಏನಂದಿದ್ದಿ ಲಾಲಬೀ?"

"ನೆಪ್ಪಿಲ್ಲವಾ ನನಗ."

"ನನಗೈತಿ. 'ಬೆಲ್ಲ ಹಾಕಾಕ ನಿನ್ನ ಕೈ ಏಳೂದಿಲ್ಲ' ಅಂದಿದ್ದಿ. ಅದರ ಹಿಂದಿನ ವರ್ಷ, 'ಹುಣಸಿಗಿಡಾನ ಕಡದು ಹಾಕಿಯೇನು' ಅಂದಿ. ಮೂವತ್ತು ವರ್ಷ ಒಂದು ಸಲನೂ ಹೆಸರಿಡದ ಕುಡದಾಕಿ ಅಲ್ಲ ನೀ."

ಲಾಲಬೀ ಲೋಟದ ತಳ ನೋಡುತ್ತ ನಿಂತಳು. ಪರಮೇಶ ಮೆಲ್ಲಗೆ ಎದ್ದು ಓಣಿಗೆ ಇಳಿದ.

"ಏನು ಬಿಟ್ಟೀನಿ, ಯಾರರ ಹೇಳ್ರಿ," ಎಂದಳು ಕನಕಮ್ಮ. ದನಿ ಏರಿರಲಿಲ್ಲ.

ಸುಕನ್ಯಾ ಬಾಗಿಲ ಹಿಂದಿನಿಂದ ಪಾತ್ರೆ ತಂದು ತಾಯಿಯ ಮುಂದಿಟ್ಟಳು. ಕಂದು ನೀರಿನ ಮೇಲೆ ಹತ್ತಿಪ್ಪತ್ತು ಇರುವೆ ತೇಲುತ್ತಿದ್ದವು. ಇನ್ನೂ ನಾಲ್ಕು ಅಂಚಿನ ಮೇಲೆ ಓಡಾಡುತ್ತಿದ್ದವು.

ಕನಕಮ್ಮ ಬಾಗಿ ಅವನ್ನೇ ನೋಡಿದಳು.

"ಇವಕ್ಕ ಗೊತ್ತಾತು," ಎಂದಳು.

ಗ್ಯಾನಪ್ಪ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು, ದನಕ್ಕೆ ನೀರಿಡಬೇಕು ಎಂದು ಯಾರಿಗೂ ಕೇಳಿಸದಂತೆ ಹೇಳಿ ಹೋದ. ಲಾಲಬೀ ಕಟ್ಟೆಯ ಮೇಲೆ ಕುಂಡಿ ಊರಿದಳು.

"ಇರುವಿ ಬಿದ್ರ ಏನಾತು, ಸೋಸಿ ಹಾಕವಾ. ನನಗ ಇನ್ನೊಂದು ಲೋಟ ಬೇಕು. ಹೆಸರಿಡಲಾರದ ಹಬ್ಬ ಆಗೂದಿಲ್ಲ ನನಗ," ಎಂದಳು. ಅನ್ನುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸುಕನ್ಯಾ ಬಿಳಿ ಅರಿವೆಯಲ್ಲಿ ಸೋಸಿ ಹಾಕಿದಳು. ಕನಕಮ್ಮ ಸೌಟನ್ನು ಅವಳ ಕೈಗೆ ಕೊಟ್ಟಳು. "ಎಡಿ ಆಗೇತಿ. ಕುಡದು ಹೇಳು."

ಸುಕನ್ಯಾ ಕುಡಿದಳು. "ಛಲೋ ಐತವ್ವ."

"ಅದನ್ನ ಎಲ್ಲಾರೂ ಹೇಳಿದ್ರು. ಹೆಂಗೈತಿ ಅದನ್ನ ಹೇಳು."

ಓದುವಾಗ ತರಗತಿಯಲ್ಲಿ ಎದ್ದು ನಿಂತರೆ ಆಗುತ್ತಿದ್ದಂತೆಯೇ ಈಗಲೂ ಸುಕನ್ಯಾಳ ಬಾಯಿ ಒಣಗಿತು. ಇನ್ನೊಂದು ಗುಟುಕು ಕುಡಿದಳು.

"ಮೊದಲ ಹುಳಿ," ಎಂದಳು. "ಹುಳಿ ಭಾಳನ ಐತಿ. ಕಿವಿ ಬುಡಕ ಜುಂ ಅಂತೈತಿ. ಅದರ ಹಿಂದ ಬೆಲ್ಲ... ನಿಧಾನ ಬರ್ತೈತಿ ಅದು. ಮಾವಿನಕಾಯಿ ಕಚ್ಚಿದ್ರ ತಂಪು. ಕೊಬ್ಬರಿ ಅಗಿದಷ್ಟು ಹಾಲು ಬಿಡ್ತೈತಿ."

"ಹೂ?"

"ಹೂ ಕಡೀಕ. ನುಂಗಿದ ಮ್ಯಾಲೆ. ಗಂಟಲದಾಗ ಕಹಿ."

"ಎಷ್ಟೊತ್ತು ನಿಂತೈತಿ?"

ಸುಕನ್ಯಾ ಉಗುಳು ನುಂಗಿ ನೋಡಿದಳು. "ಇನ್ನೂ ಐತಿ," ಎಂದಳು.

"ಹಂಗಾರ ಬರೋಬ್ಬರಿ ಆಗೇತಿ," ಎಂದು ಕನಕಮ್ಮ ತನ್ನ ಲೋಟ ಮುಂದೆ ಚಾಚಿದಳು. ಮಗಳು ಅರ್ಧ ಲೋಟ ಹಾಕಿದಳು. ಕುಡಿಯುವಾಗ ಕನಕಮ್ಮ ಎಂದಿನಂತೆ ಲೋಟದ ಅಂಚಿನ ಮೇಲಿಂದ ಮಗಳ ಮುಖವನ್ನೇ ನೋಡುತ್ತಿದ್ದಳು. ಈ ಸಲ ಸುಕನ್ಯಾ ಮುಖ ತಿರುಗಿಸಲಿಲ್ಲ, ಕಣ್ಣು ಒರೆಸಿಕೊಳ್ಳಲೂ ಇಲ್ಲ. ಓಣಿಯ ಕೊನೆಯ ಬೇವಿನ ಮರದ ಕಡೆಯಿಂದ ಒಂದು ಬಿಸಿಗಾಳಿ ಬಂದು ಹೋಯಿತು.