ಜಾರದ ಟ್ಯೂಬಾಗಳು

ಜಾರುಬಂಡೆಯ ನಟ್ಟನಡುವೆ ಬ್ರಿಟಾ ಸಿಕ್ಕಿಹಾಕಿಕೊಂಡಿದ್ದಳು. ಹೆಗಲ ಮೇಲೆ ಎಳೆಗರುವಿನಷ್ಟು ಭಾರದ ಹಿತ್ತಾಳೆಯ ಊದುವಾದ್ಯ ಟ್ಯೂಬಾ, ಮೈಗೆ ಕೆಂಡದ ಬಣ್ಣದ ಬಿಗಿಯಾದ ಹೊಸ ಉಡುಪು. ಸೊಂಟ ಕುಲುಕಿಸಿದಳು. ಒಂದು ಗೇಣು ಜರುಗಿ ಮತ್ತೆ ನಿಂತಳು. ಹಿಂದಿನ ಟ್ಯೂಬಾದವನು ಬಂದು ಅವಳ ಬೆನ್ನಿಗೆ ಅಂಟಿಕೊಂಡ, ಅವನ ಬೆನ್ನಿಗೆ ಇನ್ನೊಬ್ಬ.

"ಅಮ್ಮಾ, ಇದು ಜಾರುಬಂಡೆ ಅಲ್ಲ, ಗೋಂದು," ಎಂದು ಅಲ್ಲಿಂದಲೇ ಕೂಗಿದಳು.

ಮೈದಾನದ ಅಂಚಿನ ಡೇರೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಡೋರೀನ್ ಕೈಯಲ್ಲಿದ್ದ ಬಟ್ಟೆ ಬಿಟ್ಟು ತಲೆಯೆತ್ತಿದಳು. ಚಳಿಗಾಲವಿಡೀ ಉಳಿದ ತಾಯಂದಿರ ಜೊತೆ ಕೂತು ಆ ಉಡುಪುಗಳನ್ನು ಹೊಲಿದವಳು ಅವಳೇ. ಮನೆಯಲ್ಲಿ ತೊಡಿಸಿ ನೋಡಿದಾಗ ಎಲ್ಲ ಚೆನ್ನಾಗಿತ್ತು. ವಿಸ್ಕಾನ್ಸಿನ್ನಿನ ಜುಲೈ ಬಿಸಿಲಿಗೆ ಬೆವರು ಹತ್ತಿದ್ದೇ ತಡ, ಬಟ್ಟೆ ಹಲಗೆಗೆ ಕಚ್ಚಿಕೊಳ್ಳತೊಡಗಿತ್ತು.

ರಾಕ್ ರಿವರ್ ಹೆರಾನ್ಸ್ ಎಂಬ ಕವಾಯತು ಬ್ಯಾಂಡ್ ತಂಡದ ಹೊಸ ನಿರ್ದೇಶಕ ಕೆಲ್ಲನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಊಟ ಆದ್ಮೇಲೆ ಇನ್ನೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಜಾರುಬಂಡೆ ಕ್ಯಾನ್ಸಲ್. ಸಂಜೆ ಪ್ರದರ್ಶನದಲ್ಲಿ ಟ್ಯೂಬಾದೋರು ಅದರ ಹಿಂದೆ ನಿಂತು ಊದ್ಲಿ. ಫೈನಲ್‌ಗೂ ಅಷ್ಟೇ."

ನಾಲ್ಕು ಬೇಸಿಗೆ ಬ್ರಿಟಾ ಹಿಂದಿನ ಸಾಲಿನಲ್ಲೇ ಊದಿದ್ದಳು. ಇದು ಐದನೆಯದು, ಕೊನೆಯದು. ಇಪ್ಪತ್ತೊಂದು ದಾಟಿದವರಿಗೆ ತಂಡದಲ್ಲಿ ಜಾಗವಿಲ್ಲ. ಟ್ಯೂಬಾದವರು ಜಾರಿಕೊಂಡು ಬಂದು ಪ್ರೇಕ್ಷಕರ ಮುಂದೆಯೇ ಇಳಿಯುವ ಆಟ ಈ ವರ್ಷ ಮೊದಲ ಬಾರಿಗೆ ಬಂದಿತ್ತು. ಮಗಳ ಮುಖ ಮುಂದಿನ ಸಾಲಿನಲ್ಲಿ ಒಮ್ಮೆಯಾದರೂ ಕಾಣಲಿ ಎಂಬುದೊಂದೇ ಡೋರೀನ್‌ಳ ಆಸೆ.

"ಒಳ್ಳೇದೇ ಆಯ್ತು," ಎಂದರು ಪಕ್ಕದಲ್ಲಿ ನಿಂತಿದ್ದ ಡೋರೀನ್‌ಳ ಅಪ್ಪ ಆರ್ವಿಡ್. "ನಮ್ಮ ಕಾಲದಲ್ಲಿ ಬ್ಯೂಗಲ್ ಇತ್ತು, ಡ್ರಮ್ ಇತ್ತು, ನೆಟ್ಟಗೆ ನಡೆಯೋದಿತ್ತು. ಈಗ ನೋಡು, ಮೈಕಂತೆ, ಕೀಬೋರ್ಡಂತೆ. ಬ್ಯೂಗಲ್ಲಿಗೆ ಕರೆಂಟ್ ಯಾಕೇ ಬೇಕು? ಅದರಲ್ಲೇನು ಬ್ರೆಡ್ ಸುಡ್ತಾರಾ?"

"ಅಪ್ಪ, ಉಸಿರು ಬಿಗಿ ಹಿಡಿ. ಪ್ಯಾಂಟಿನ ಗುಂಡಿ ಹಾಕ್ಬೇಕು."

"ಹಿಡಿದೇ ಇದೀನಲ್ಲ."

"ಇದು ಹಿಡಿದಿರೋದಾ?"

ಆರ್ವಿಡ್‌ರ ಕಾಲದ ಹೆರಾನ್ಸ್ ತಂಡ ದೇಶಕ್ಕೇ ಮೊದಲ ಸ್ಥಾನ ಗೆದ್ದು ಐವತ್ತು ವರ್ಷವಾಗಿತ್ತು. ಅಂದಿನ ಹುಡುಗರು, ಇಂದಿನ ಅಜ್ಜಂದಿರು, ಸಂಜೆ ಹಳೆಯ ಹಸಿರು ಉಣ್ಣೆ ಸಮವಸ್ತ್ರ ತೊಟ್ಟು ಮೈದಾನದ ಅಂಚಿನಲ್ಲಿ ನಿಂತು ಮಕ್ಕಳಿಗೆ ಸೆಲ್ಯೂಟ್ ಹೊಡೆಯಬೇಕಿತ್ತು. ಕೋಟುಗಳು ಹೇಗೋ ಹಿಡಿಸಿದವು. ಪ್ಯಾಂಟುಗಳು ಒಂದೂ ಹಿಡಿಸಲಿಲ್ಲ. ಅವನ್ನು ಬಿಚ್ಚಿ ಅಗಲಿಸುವ ಕೆಲಸ ಬೆಳಗಿನಿಂದ ಡೋರೀನ್‌ಳ ಪಾಲಿಗೆ ಬಿದ್ದಿತ್ತು.

"ಹುಡುಗ್ರಿಗೆ ಹೆದರಿಕೆ, ಅಷ್ಟೇ," ಎಂದರು ಆರ್ವಿಡ್. "ಆ ಕೆಲ್ಲನ್‌ಗೆ ನಾಲ್ಕು ಮಾತು ಹೇಳಿ ಬರ್ತೀನಿ."

"ಅಪ್ಪ, ಪಿನ್ನು ಹಾಗೇ ಇದೆ."

ಅವರು ಕೇಳಿಸಿಕೊಳ್ಳಲಿಲ್ಲ. ಸೊಂಟದ ಸುತ್ತ ಪಿನ್ನು ಚುಚ್ಚಿಕೊಂಡೇ ಹೋಗಿ ಜಾರುಬಂಡೆಯ ಹಿಂಬದಿಯ ಮೆಟ್ಟಿಲೇರಿದರು. ಅಷ್ಟರಲ್ಲಿ ಮಕ್ಕಳೆಲ್ಲ ಕೆಳಗಿಳಿದಿದ್ದರು. ಮೇಲೆ ನಿಂತು, ಬೆರಳು ಎತ್ತಿ, "ನೋಡಪ್ಪಾ ಕೆಲ್ಲನ್, ನಮ್ಮ ಕಾಲದಲ್ಲಿ—" ಎಂದರು. ಮೊಣಕಾಲು ನೋಯಿತೋ ಏನೋ, ಮಾತಿನ ನಡುವೆ ಸುಮ್ಮನೆ ಅಂಚಿನಲ್ಲಿ ಕುಳಿತರು.

ಕುಳಿತದ್ದಷ್ಟೇ. ಮರುಕ್ಷಣ ಅವರು ಅಲ್ಲಿರಲಿಲ್ಲ. ಸುಯ್ಯೆಂದು ಇಳಿದು, ಹುಲ್ಲಿನ ಮೇಲೂ ಒಂದಷ್ಟು ದೂರ ಹೋಗಿ, ಕೆಲ್ಲನ್‌ನ ಬೂಟಿನ ಬಳಿ ನಿಂತರು. ಬೆರಳು ಇನ್ನೂ ಮೇಲೆಯೇ ಇತ್ತು.

ಡೋರೀನ್ ಓಡಿದಳು. "ಅಪ್ಪ, ಏನಾದ್ರೂ ಆಯ್ತಾ?"

"ಪಿನ್ನು ಚುಚ್ತು," ಎಂದು ಆರ್ವಿಡ್ ಎದ್ದು ಮತ್ತೆ ಮೆಟ್ಟಿಲ ಕಡೆ ಹೊರಟರು. "ಇನ್ನೊಂದ್ಸಲ ಹೋಗ್ತೀನಿ. ಮೊದಲನೇದು ಲೆಕ್ಕಕ್ಕಿಲ್ಲ, ನಾನು ರೆಡಿ ಇರ್ಲಿಲ್ಲ."

ಎರಡನೆಯ ಸಲ ಅವರು ಕೇಕೆ ಹಾಕಿದರು. ಮೂರನೆಯ ಸಲಕ್ಕೆ ಬ್ರಿಟಾ ಕೆಳಗೆ ಕಾದು ನಿಂತು ಅಜ್ಜನ ಹಿಂಬದಿಯನ್ನು ಮುಟ್ಟಿ ನೋಡಿದಳು. "ಅಮ್ಮ, ಉಣ್ಣೆ ಕಣೇ. ಉಣ್ಣೆ ಜಾರುತ್ತೆ."

ತಾಯಿ ಮಗಳು ಇಬ್ಬರೂ ಒಟ್ಟಿಗೇ ಹೊಲಿಗೆ ಮೇಜಿನ ಮೇಲಿದ್ದ ಹಸಿರು ಪ್ಯಾಂಟುಗಳ ರಾಶಿಯ ಕಡೆ ತಿರುಗಿದರು. ಅದರಿಂದ ಒಂದೊಂದು ತುಂಡು ಕತ್ತರಿಸಿ ಟ್ಯೂಬಾದವರ ಹಿಂಬದಿಗೆ ತೇಪೆ ಹಾಕಿದರೆ?

ಅಜ್ಜಂದಿರು ಒಬ್ಬೊಬ್ಬರಾಗಿ ಡೇರೆಗೆ ಬಂದರು. ಹಳೆಯ ತಂಡದಲ್ಲಿ ತಾಳ ಬಡಿಯುತ್ತಿದ್ದ ಲೀಲೆಂಡ್ ತಮ್ಮ ಪ್ಯಾಂಟನ್ನು ಎದೆಗೆ ಅವುಚಿಕೊಂಡರು. "ಇದು ಚಾಂಪಿಯನ್ ಪ್ಯಾಂಟು ಕಣಮ್ಮ. ಇದಕ್ಕೆ ಕತ್ತರಿ ಹಾಕೋದಾ?"

"ಚಾಂಪಿಯನ್ ಆದಾಗ ನೀನು ಅದರೊಳಗೆ ಹಿಡಿಸ್ತಿದ್ದೆ," ಎಂದ ಹಿಂದಿನಿಂದ ಯಾರೋ.

"ಆ ಕೆಂಪು ಚಡ್ಡಿಗೆ ತೇಪೆ ಹಾಕ್ಕೊಂಡು ಕುಣಿಯೋದಕ್ಕೆ ನಮ್ಮ ಉಣ್ಣೆನಾ?" ಎಂದರು ಇನ್ನೊಬ್ಬ ಅಜ್ಜ.

ಡೋರೀನ್ ಒತ್ತಾಯ ಮಾಡಲಿಲ್ಲ. ಅದು ಅವರದೇ, ಕೊಡುವುದೂ ಬಿಡುವುದೂ ಅವರಿಗೇ ಸೇರಿದ್ದು. ಅವಳು ಅಪ್ಪನ ಮುಖ ನೋಡಿದಳು. ಆರ್ವಿಡ್ ಮೊಮ್ಮಗಳನ್ನು ನೋಡುತ್ತಿದ್ದರು. ಬ್ರಿಟಾ ಟ್ಯೂಬಾವನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ಆರ್ವಿಡ್ ಟವೆಲಿನ ಮರೆಯಲ್ಲಿ ಪ್ಯಾಂಟು ಕಳಚಿ ಮೇಜಿನ ಮೇಲೆ ಹರಡಿದರು.

"ನನ್ನದು ಮೊದಲು ಕತ್ತರಿಸು. ಬ್ರಿಟಾಳಿಗೆ ಇದೇ ಹಾಕು. ಚೆನ್ನಾಗಿ ಓಡುತ್ತೆ, ನಾನೇ ಓಡಿಸಿ ನೋಡಿದೀನಿ."

ಲೀಲೆಂಡ್ ನಿಟ್ಟುಸಿರುಬಿಟ್ಟು ತಮ್ಮದನ್ನೂ ಅದರ ಮೇಲೆ ಹಾಕಿದರು. ಆಮೇಲೆ ಯಾರೂ ತಡ ಮಾಡಲಿಲ್ಲ. ಮಧ್ಯಾಹ್ನವೆಲ್ಲ ಯಂತ್ರ ಗಿರ್ರೆಂದಿತು. ಟ್ಯೂಬಾದವರು ಸರದಿಯಲ್ಲಿ ಬೆನ್ನು ತಿರುಗಿಸಿ ನಿಂತರು, ಡೋರೀನ್ ಅಳತೆ ಹಿಡಿದಳು, ಅಜ್ಜಂದಿರು ದಾರ ಪೋಣಿಸಿ ಕೊಟ್ಟರು. ಊಟದ ಲಾರಿಯಿಂದ ಬಂದ ಮೆಕರೋನಿ ಅಲ್ಲಿಯೇ ಆರಿತು. ಕೆಲ್ಲನ್ ಬಂದು ಒಂದು ಸಲ ಪರೀಕ್ಷಿಸಿ, "ಹಸಿರು ಬಣ್ಣ ಕಾಣುತ್ತಲ್ಲ," ಎಂದ.

"ಕಾಣ್ಲಿ ಬಿಡಪ್ಪ," ಎಂದರು ಆರ್ವಿಡ್.

ಸಂಜೆ ಕ್ರೀಡಾಂಗಣ ತುಂಬಿತ್ತು. ಅಂಚಿನಲ್ಲಿ ಅಜ್ಜಂದಿರು ಸಾಲಾಗಿ ನಿಂತರು: ತಲೆಯ ಮೇಲೆ ಗರಿಯ ಎತ್ತರದ ಟೋಪಿ, ಹೊಳೆಯುವ ಗುಂಡಿಯ ಹಸಿರು ಕೋಟು, ಅದರ ಕೆಳಗೆ ಹೂವಿನ ಚಿತ್ರದ ಬೇಸಿಗೆ ಚಡ್ಡಿಗಳು. ಜನ ಮೊದಲು ನಕ್ಕರು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆರ್ವಿಡ್‌ರ ಬಿಳಿಯ ಕಾಲುಗಳು ದೀಪದ ಬೆಳಕಿಗೆ ಫಳಫಳ ಎನ್ನುತ್ತಿದ್ದವು.

ಡ್ರಮ್ಮುಗಳು ಗುಡುಗಿದವು. ಜಾರುಬಂಡೆಯ ತುದಿಯಲ್ಲಿ ಬ್ರಿಟಾ ಕಾಣಿಸಿಕೊಂಡಳು. ಅಜ್ಜಂದಿರ ಬೆನ್ನ ಹಿಂದೆಯೇ ಮೊದಲ ಸಾಲಿನಲ್ಲಿದ್ದ ಡೋರೀನ್ ಪಕ್ಕದವಳ ಕೈ ಹಿಡಿದಳು, ಅದು ಯಾರ ಕೈಯೆಂದೂ ನೋಡಲಿಲ್ಲ. ಬ್ರಿಟಾ ಕುಳಿತಳು, ಇಳಿದಳು, ಊದುತ್ತಲೇ ಇಳಿದಳು, ಅವಳ ಹಿಂದೆ ಎಲ್ಲ ಟ್ಯೂಬಾಗಳೂ ಪೈಪಿನಲ್ಲಿ ನೀರು ಬಂದಂತೆ ಬಂದವು. ಉಣ್ಣೆ ಬೇಕಾದ್ದಕ್ಕಿಂತ ಹೆಚ್ಚೇ ಓಡಿಸಿತು. ನಿಲ್ಲಬೇಕಾದ ಗೆರೆಯನ್ನು ದಾಟಿ ಬ್ರಿಟಾ ಪ್ರೇಕ್ಷಕರ ತೀರಾ ಎದುರಿಗೇ ಬಂದು ಎದ್ದು ನಿಂತಳು. ಎಷ್ಟು ಹತ್ತಿರವೆಂದರೆ ಉಬ್ಬಿದ ಕೆನ್ನೆಯ ಮೇಲಿನ ಬೆವರೂ ತಾಯಿಗೆ ಕಂಡಿತು. ಕಣ್ಣಿನಲ್ಲಿ ನಗು ಉಕ್ಕುತ್ತಿತ್ತು, ಆದರೆ ಟ್ಯೂಬಾ ಊದುವವರು ನಗುವಂತಿಲ್ಲ. ತಡೆಹಿಡಿದ ನಗು ಎಲ್ಲ ಸ್ವರದೊಳಗೆ ಹೋಗಿ ಆ ದಪ್ಪ ಸ್ವರ ಗಡಗಡ ನಡುಗಿತು.

"ಸ್ವರ ಅಲುಗಾಡ್ತು," ಎಂದರು ಆರ್ವಿಡ್, ಸೆಲ್ಯೂಟಿನ ಕೈ ಇಳಿಸದೆ.

"ಸುಮ್ನಿರಪ್ಪ," ಎಂದಳು ಡೋರೀನ್.

ಚಡ್ಡಿಯ ಕೆಳಗೆ ಅವರ ಮೊಣಕಾಲುಗಳೂ ಅಷ್ಟೇ ಜೋರಾಗಿ ಅಲುಗಾಡುತ್ತಿದ್ದವು.