ಮೂರನೇ ಗೇರು

ಭಾವನ ಬೈಕು ನನ್ನ ಶೆಡ್ಡಿಗೆ ಬಂದ ದಿನ ನಾನು ಮೊದಲು ಮಾಡಿದ ಕೆಲಸ ಬಾಗಿಲು ಹಾಕಿಕೊಂಡಿದ್ದು. ಆಮೇಲೆ ಒಬ್ಬನೇ ನಿಂತು ನಕ್ಕೆ. ಮೂವತ್ತು ವರ್ಷ ಕಾದಿದ್ದೆ. ಕಳ್ಳನ ಗಂಟು ಕೊನೆಗೂ ನನ್ನ ಕೈಗೇ ಬಂದಿತ್ತು.

ಹಳೆಯ ಮೋಟೋಕ್ರಾಸ್ ಬೈಕುಗಳನ್ನು ಮೊದಲಿನ ಹಾಗೆ ಮಾಡಿಕೊಡುವುದು ನನ್ನ ಕಸುಬು. ದೀಪವಿಲ್ಲ, ಹಾರನ್ನಿಲ್ಲ, ಕನ್ನಡಿಯಿಲ್ಲ. ದಿಬ್ಬ ಹಾರಲಿಕ್ಕೆ, ಹಿಂದಿನವನ ಮುಖಕ್ಕೆ ಕೆಸರು ಎರಚಲಿಕ್ಕೆ ಹುಟ್ಟಿದ ಗಾಡಿಗಳು. ರಸ್ತೆಗೆ ತಂದರೆ ಪೊಲೀಸರು ಹಿಡಿಯುತ್ತಾರೆ, ಮನೆಗೆ ತಂದರೆ ಹೆಂಡತಿ. ನನ್ನ ಹತ್ತಿರವೂ ಒಂದಿದೆ, ಹರೆಯದಲ್ಲಿ ನಾನೇ ಓಡಿಸಿದ್ದು. ಅದರ ಟ್ಯಾಂಕಿನಲ್ಲಿ ನೋಡಿಕೊಂಡು ಗಡ್ಡ ಬೋಳಿಸಿಕೊಳ್ಳಬಹುದು, ಅಷ್ಟು ಹೊಳಪು. ಭಾವನದೂ ಅದೇ ಕಂಪನಿಯ ಅದೇ ಮಾದರಿ. ಅದರ ಸೀಟನ್ನು ಇಲಿಗಳು ತಿಂದಿದ್ದವು, ಸೈಲೆನ್ಸರಿಗೆ ತುಕ್ಕು, ಟ್ಯಾಂಕಿನ ತುಂಬ ನೆಗ್ಗು. ಆದರೂ ಸ್ಟ್ಯಾಂಡಿನ ಮೇಲೆ ನಿಂತಾಗ ಮುಂದಿನ ಚಕ್ರ ಸ್ವಲ್ಪ ಓರೆಯಾಗಿ, ಈಗಲೇ ಹೊರಡುತ್ತೇನೆ ಎಂಬಂತಿತ್ತು. ಹಾಳಾದ್ದು, ಚೆನ್ನಾಗಿತ್ತು.

ಕಥೆ ಇಷ್ಟೇ. ಮೂವತ್ತು ವರ್ಷದ ಹಿಂದೆ, ಆ ವರ್ಷದ ಕೊನೆಯ ಓಟದಲ್ಲಿ ನಾನು ಮುಂದಿದ್ದೆ. ಮೈದಾನದ ಆ ತುದಿಯಲ್ಲಿ ಒಂದು ಕಡಿದಾದ ಏರು. ಅಲ್ಲಿ ಎಲ್ಲರೂ ಮೂರನೇ ಗೇರಿಗೆ ಹೋಗುತ್ತಾರೆ, ನಾನೂ ಹೋದೆ. ಅಷ್ಟರಲ್ಲಿ ಪಕ್ಕದಲ್ಲಿ ಕಿವಿ ಹರಿಯುವ ಸದ್ದು. ಯಾರೋ ಒಬ್ಬ ಎದ್ದು ನಿಂತುಕೊಂಡೇ ನನ್ನನ್ನು ದಾಟಿ ಹೋದ. ಗೆಲುವಿನ ಕಪ್ಪು ಅವನಿಗೆ ಹೋಯಿತು. ನನಗೆ ಜೈ ಅನ್ನಲು ಬಂದಿದ್ದ ನನ್ನ ಸ್ವಂತ ಅಕ್ಕ ಆರು ತಿಂಗಳಲ್ಲಿ ಅವನನ್ನೇ ಮದುವೆಯಾದಳು. ಒಂದೇ ಏರಿನಲ್ಲಿ ಎರಡು ಸೋಲು. ಆ ಓಟದ ಮೇಲೆ ಅವನು ಇನ್ನೊಂದಕ್ಕೆ ಇಳಿಯಲಿಲ್ಲ, ಬೈಕನ್ನು ಗೋದಾಮಿಗೆ ತಳ್ಳಿ ಬೀಗ ಹಾಕಿದ. ಈಗ ಶಾಲಾ ವ್ಯಾನ್ ಓಡಿಸುತ್ತಾನೆ, ಸೈಕಲ್ಲಿನವರೂ ಅವನನ್ನು ಹಿಂದಿಕ್ಕುತ್ತಾರೆ.

ನಾನು ಅಂದಿನಿಂದ ಹೇಳುತ್ತ ಬಂದದ್ದು ಒಂದೇ ಮಾತು: ಸಿಲಿಂಡರ್ ಕೊರೆಸಿದ್ದ. ನಿಯಮಕ್ಕಿಂತ ದೊಡ್ಡದಾಗಿ ಕೊರೆಸಿದರೆ ಎಂಜಿನ್ನಿಗೆ ಕಳ್ಳ ಬಲ ಬರುತ್ತದೆ. ಆಗ ಯಾರೂ ಎಂಜಿನ್ ಬಿಚ್ಚಿ ನೋಡುತ್ತಿರಲಿಲ್ಲ. ಮದುವೆಮನೆಯಲ್ಲಿ ಹೇಳಿದೆ, ನಾಮಕರಣದಲ್ಲಿ ಹೇಳಿದೆ, ಸಾವಿನ ಮನೆಯಲ್ಲೂ ಒಮ್ಮೆ ಹೇಳಿಬಿಟ್ಟೆ. ಭಾವ ನಗುತ್ತಿದ್ದ. ಅಕ್ಕ ನಗುತ್ತಿರಲಿಲ್ಲ.

ಹಳೆಯ ಓಟಗಾರರೆಲ್ಲ ಅದೇ ಮೈದಾನದಲ್ಲಿ ಸೇರುವುದು, ಬೈಕುಗಳನ್ನು ಪ್ರದರ್ಶನಕ್ಕಿಡುವುದು, ಒಬ್ಬೊಬ್ಬರು ಒಂದು ಸುತ್ತು ಹೊಡೆಯುವುದು ಎಂದು ಗೊತ್ತಾದಾಗ ಅಕ್ಕನೇ ಬೈಕನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದಳು.

"ನಿನ್ನ ಹತ್ರಾನೇ ಮಾಡಿಸ್ಬೇಕು ಅಂದಿದ್ದು ನಾನು," ಎಂದಳು. "ಎಂಜಿನ್ ಪೂರ್ತಿ ಬಿಚ್ಚು. ಒಂದು ನಟ್ಟೂ ಬಿಡ್ಬೇಡ. ಒಳಗೆ ಏನಿದ್ಯೋ ಅದನ್ನ ಅವತ್ತು ಎಲ್ಲರ ಮುಂದೆ ಹೇಳು. ಕೊರೆಸಿದ್ರೆ ಕೊರೆಸಿದ್ದ ಅನ್ನು, ನಾನೇ ಆ ಕಪ್ಪನ್ನ ನಿನ್ನ ಮನೆಗೆ ತಂದಿಡ್ತೀನಿ. ಇಲ್ಲಾಂದ್ರೆ ಆ ಮಾತು ಇನ್ನು ನನ್ನ ಕಿವಿಗೆ ಬೀಳ್ಬಾರ್ದು. ಬಿದ್ರೆ ನೀನು ನನ್ನ ಮನೆ ಹೊಸ್ತಿಲು ತುಳೀಬೇಡ."

"ಆಯ್ತು," ಎಂದೆ. ನಾಲಿಗೆಯ ಮೇಲೆ ಸಕ್ಕರೆ ಇಟ್ಟ ಹಾಗಾಗಿತ್ತು.

ಸಿಲಿಂಡರ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅಳತೆಯ ಗೇಜು ಇಳಿಸಿದೆ. ಮೇಲೆ ಅಳೆದೆ, ನಡುವೆ ಅಳೆದೆ, ಕೆಳಗೆ ಅಳೆದೆ. ಗೇಜು ಕೆಟ್ಟಿದೆ ಎಂದು ಇನ್ನೊಂದು ತಂದು ಅಳೆದೆ. ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಇತ್ತು. ಕೊರೆಸುವುದಿರಲಿ, ಯಾರೂ ಮುಟ್ಟಿದ ಗುರುತೇ ಇಲ್ಲ.

ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ನನ್ನ ಹೆಂಡತಿ ಬಾಗಿಲಲ್ಲಿ ಇಣುಕಿದಳು. "ಏನ್ರೀ, ಸಿಕ್ತಾ ಕಳ್ಳತನ?"

"ಇನ್ನೂ ಅಳೀತಿದೀನಿ."

"ಅಳೀರಿ, ಅಳೀರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ನೆಲಾನೂ ಒಂದ್ಸಲ ಅಳೆದುಬಿಡಿ."

ಸಿಟ್ಟಿನಲ್ಲಿ ಗೇರ್ ಪೆಟ್ಟಿಗೆಗೆ ಕೈ ಹಾಕಿದೆ. ಕಳ್ಳತನ ಅಲ್ಲಿ ಇರಲೂಬಹುದಲ್ಲ. ಗೇರುಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಇಟ್ಟೆ. ಮೂರನೆಯದು ಕೈಗೆ ಬಂದಾಗ ಬೆರಳು ಜಾರಿತು. ಹಲ್ಲುಗಳೇ ಇರಲಿಲ್ಲ. ಸುತ್ತಲೂ ಬೋಳು, ಮುರಿದ ಅಂಚು ತಿರುಗಿ ತಿರುಗಿ ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ನಿನ್ನೆ ಮೊನ್ನೆಯ ಮುರಿತವಲ್ಲ. ಆ ಓಟದ ನಂತರ ಬೈಕು ಗೋದಾಮು ಬಿಟ್ಟು ಹೊರಗೇ ಬಂದಿರಲಿಲ್ಲ. ಅಂದರೆ ಅವತ್ತು ಇದ್ದದ್ದೂ ಇದೇ. ಮೂರನೇ ಗೇರೇ ಇಲ್ಲದ ಬೈಕು ನನ್ನನ್ನು ಏರಿನಲ್ಲಿ ದಾಟಿ ಹೋಗಿತ್ತು.

ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಹೊಟ್ಟೆ ಉರಿ, ಮೊದಲಿಗಿಂತ ಹೆಚ್ಚು. ಕದ್ದು ಗೆದ್ದವನನ್ನು ಬೈಯಬಹುದು. ಕುಂಟು ಕುದುರೆಯ ಮೇಲೆ ಗೆದ್ದವನನ್ನು ಏನು ಮಾಡುವುದು?

ಆದರೆ ಹೊಟ್ಟೆಕಿಚ್ಚಿಗೆ ಒಂದು ಕಾಲು ಮುರಿದರೆ ಇನ್ನೊಂದು ಚಿಗುರುತ್ತದೆ. ಸಂಜೆಯಾಗುವುದರೊಳಗೆ ನನಗೆ ಹೊಸ ದಾರಿ ಹೊಳೆಯಿತು. ಮೂರನೆಯದು ಇಲ್ಲದ್ದರಿಂದ ಅವನು ಎರಡರಲ್ಲೇ ಎಂಜಿನ್ ಕಿರುಚಿಸಿ ಏರಿದ್ದಾನೆ. ನಾನು ಗೇರು ಬದಲಿಸಿದ ಗಳಿಗೆಯಲ್ಲಿ ನನ್ನ ವೇಗ ಇಳಿದಿದೆ. ಇದರಲ್ಲಿ ಅವನ ಹೆಚ್ಚುಗಾರಿಕೆ ಏನು ಬಂತು? ಮುರಿದ ಗೇರೇ ಅವನನ್ನು ಗೆಲ್ಲಿಸಿತು. ನನ್ನದೂ ಮುರಿದಿದ್ದರೆ ನಾನೂ ಗೆಲ್ಲುತ್ತಿದ್ದೆ.

ಮಾರನೆಯ ಬೆಳಿಗ್ಗೆ ನನ್ನ ಬೈಕನ್ನು ಆ ಮೈದಾನಕ್ಕೆ ಒಯ್ದೆ. ಏರಿನ ಮೇಲೆ ಹುಲ್ಲು ಬೆಳೆದಿತ್ತು, ಏರು ಮಾತ್ರ ಅಷ್ಟೇ ಕಡಿದಾಗಿತ್ತು. ಎರಡನೇ ಗೇರಿನಲ್ಲಿ ನುಗ್ಗಿದೆ. ಎಂಜಿನ್ ಕಿರುಚಿತು, ಹ್ಯಾಂಡಲ್ ನಡುಗಿತು, ಮುಂದಿನ ಚಕ್ರ ನೆಲ ಬಿಟ್ಟು ಆಕಾಶ ನೋಡಿತು. ನನ್ನ ಕೈ ತಾನಾಗಿ ಆಕ್ಸಿಲರೇಟರ್ ಇಳಿಸಿತು. ವಯಸ್ಸಾಯಿತು ಎಂದುಕೊಂಡು ಮತ್ತೆ ಹೋದೆ. ಮತ್ತೆ ಅದೇ ಜಾಗದಲ್ಲಿ ಕೈ ಇಳಿಯಿತು. ಆಗ ನೆನಪಾಯಿತು. ಅವತ್ತೂ ನಾನು ಮೂರಕ್ಕೆ ಹೋದದ್ದು ಆ ಕಿರುಚಾಟಕ್ಕೆ ಹೆದರಿಯೇ. ಬೆಳಗಿನ ಅಷ್ಟು ಹೊತ್ತಿನಲ್ಲಿ ಎಷ್ಟು ಸಲ ಹೋದೆನೋ, ಒಮ್ಮೆಯೂ ನನ್ನ ಕೈ ನನ್ನ ಮಾತು ಕೇಳಲಿಲ್ಲ.

ಆ ಮಾದರಿಯ ಮೂರನೇ ಗೇರು ಈಗ ಎಲ್ಲಿಯೂ ಸಿಗುವುದಿಲ್ಲ. ಸರಿಯಾಗಿರುವುದು ಒಂದೇ ಒಂದು, ಅದು ನನ್ನ ಬೈಕಿನ ಹೊಟ್ಟೆಯಲ್ಲಿದೆ. ಮುರಿದದ್ದನ್ನೇ ಹಾಕಿಕೊಟ್ಟರೆ ಭಾವ ಎಲ್ಲರೆದುರು ಮತ್ತೆ ಎರಡರಲ್ಲೇ ಏರುತ್ತಾನೆ, ಎದ್ದು ನಿಂತುಕೊಂಡು. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ. ನನ್ನ ಬೈಕನ್ನು ಬಿಚ್ಚಿ, ನನ್ನ ಗೇರು ತೆಗೆದು ಅವನಿಗೆ ಹಾಕಿದೆ. ಏರಲಿ, ಎಲ್ಲ ನರಮನುಷ್ಯರ ಹಾಗೆ ಮೂರರಲ್ಲಿ ಏರಲಿ.

ಲೋಕಕ್ಕೆ ಇದು ತ್ಯಾಗವಾಗಿ ಕಂಡಿತು. "ಸ್ವಂತ ಬೈಕಿನ ಗೇರು ಕೊಟ್ಟನಂತೆ, ಭಾವಮೈದ ಅಂದ್ರೆ ಹಿಂಗಿರ್ಬೇಕು," ಎಂದು ಪ್ರದರ್ಶನದ ದಿನ ಮೈದಾನದಲ್ಲಿ ನಾಲ್ಕು ಜನ ನನ್ನ ಬೆನ್ನು ತಟ್ಟಿದರು. ನಾನು ತಲೆ ತಗ್ಗಿಸಿ ತಟ್ಟಿಸಿಕೊಂಡೆ. ನನ್ನ ಬೈಕು ಸುತ್ತು ಹೊಡೆಯುವ ಹಾಗಿರಲಿಲ್ಲ, ಬರೀ ನೋಡಲಿಕ್ಕೆ ಇಟ್ಟಿದ್ದೆ. ಪಕ್ಕದಲ್ಲಿ ಭಾವನದು, ಹೊಸ ಸೀಟು, ಹೊಸ ಬಣ್ಣ. ಎರಡು ಕಡೆಯೂ ನನ್ನದೇ ಕೈ, ಆದರೂ ಜನ ನಿಂತು ನೋಡುತ್ತಿದ್ದದ್ದು ಅವನದನ್ನೇ.

ನಮ್ಮ ಕಸುಬಿನವರಲ್ಲಿ ಒಂದು ಪದ್ಧತಿಯಿದೆ. ಬೈಕಿನಿಂದ ತೆಗೆದ ಹಳೆಯ ಸಾಮಾನುಗಳನ್ನು ಅದರ ಮುಂದೆ ಬಿಳಿ ಬಟ್ಟೆ ಹಾಸಿ ಜೋಡಿಸಿಡಬೇಕು, ಬಂದವರು ಎತ್ತಿ ನೋಡಬೇಕು. ನಾನೂ ಜೋಡಿಸಿದ್ದೆ: ತುಕ್ಕು ಹಿಡಿದ ಚೈನು, ಸವೆದ ಬೇರಿಂಗು, ಇಲಿ ತಿಂದ ಸೀಟು. ಆ ಕಾಲದಲ್ಲಿ ಓಟಗಳಿಗೆ ಬಾವುಟ ಬೀಸುತ್ತಿದ್ದ ಮುದುಕ, ಎಲ್ಲರೂ ಬಾವುಟ ತಾತ ಅನ್ನುವುದು, ಬಗ್ಗಿ ನೋಡಿದ.

"ತೆಗೆದ ಗೇರು ಎಲ್ಲಯ್ಯ?"

"ಸವೆದಿತ್ತು ಅಷ್ಟೇ, ತಾತ. ಶೆಡ್ಡಲ್ಲೇ ಬಿಟ್ಟುಬಂದೆ."

ಅದು ನನ್ನ ಪ್ಯಾಂಟಿನ ಜೇಬಿನಲ್ಲಿತ್ತು, ತೊಡೆಗೆ ಒತ್ತುತ್ತಿತ್ತು. ಅಕ್ಕ ಆಚೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. "ಏನು ಸಿಕ್ತು ಒಳಗೆ?" ಎಂದು ಕೇಳಿದಳು. "ಅವನು ಒಂದು ಸುತ್ತು ಹೋಗಿಬರಲಿ, ಆಮೇಲೆ ಹೇಳ್ತೀನಿ," ಎಂದೆ. ಅವನು ಮೂರರಲ್ಲಿ ನಿಧಾನಕ್ಕೆ ಏರುವುದನ್ನು ಜನ ನೋಡಿದ ಮೇಲೆ ಏನು ಹೇಳಿದರೂ ನಡೆಯುತ್ತದೆ ಎಂಬುದು ನನ್ನ ಲೆಕ್ಕ.

ಭಾವ ಹೊಟ್ಟೆಯನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಹೊರಟ. ಶಾಲಾ ವ್ಯಾನಿನ ವೇಗವೇ. ಜನ ನಕ್ಕರು, ನಾನೂ ನಕ್ಕೆ. ತಿರುವು ದಾಟಿದ. ಏರಿನ ಬುಡಕ್ಕೆ ಬಂದ. ಆಗ ಆ ಸದ್ದು ಎದ್ದಿತು, ಕಿವಿ ಹರಿಯುವ ಅದೇ ಸದ್ದು. ಭಾವ ಎದ್ದು ನಿಂತಿದ್ದ. ಮುಂದಿನ ಚಕ್ರ ನೆಲ ಬಿಟ್ಟಿತು, ಅವನ ಕೈ ಇಳಿಯಲಿಲ್ಲ. ಗೇರು ಇತ್ತು, ನನ್ನ ಗೇರು, ಅವನ ಕಾಲ ಕೆಳಗೇ ಇತ್ತು. ಅವನು ಅದರ ಕಡೆ ಹೋಗಲೇ ಇಲ್ಲ.

ಅಕ್ಕ ಎರಡೂ ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡಿದ್ದಳು. ಮೂವತ್ತು ವರ್ಷದ ಹಿಂದೆ ಇವಳು ಹೀಗೇ ನಿಂತಿದ್ದಿರಬೇಕು, ಕೆಸರು ಮೆತ್ತಿದ ಕನ್ನಡಕದೊಳಗಿಂದ ನಾನು ನೋಡಿರಲಿಲ್ಲ ಅಷ್ಟೇ. ನನಗೆ ಅಳು ಬರುವಷ್ಟು ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಜೇಬಿಗೆ ಕೈ ಹಾಕಿ ಗೇರು ತೆಗೆದು ಬಿಳಿ ಬಟ್ಟೆಯ ನಟ್ಟನಡುವೆ ಇಟ್ಟೆ.

ಬಾವುಟ ತಾತ ಎತ್ತಿಕೊಂಡು ಹೆಬ್ಬೆರಳಿನಿಂದ ಸವರಿದ. "ಹಲ್ಲೇ ಇಲ್ವಲ್ಲಯ್ಯ!"

"ಇಲ್ಲ. ಆ ಓಟದಲ್ಲಿ ಇದ್ದದ್ದು ಇದೇ." ಇನ್ನೊಂದು ಮಾತು ಉಳಿದಿತ್ತು, ಅದನ್ನೂ ಉಗುಳಿದೆ. "ಸಿಲಿಂಡರ್ ಕೊರೆಸಿಲ್ಲ. ಮೂರು ಸಲ ಅಳೆದಿದೀನಿ."

ಅಕ್ಕ ಹತ್ತಿರ ಬಂದಳು. ತಾತನ ಕೈಯಿಂದ ಗೇರು ಇಸಿದುಕೊಂಡು ಸೆರಗಿನಲ್ಲಿ ಒರೆಸಿದಳು.

ಭಾವ ಬೆವರು ಒರೆಸಿಕೊಳ್ಳುತ್ತ ಬಂದು ಬೈಕು ನಿಲ್ಲಿಸಿದ.

"ಮೂರನೇದು ಹಾಕಿದೀನಿ, ಗೊತ್ತಾಗ್ಲಿಲ್ವಾ?" ಎಂದೆ.

"ಹಾಕಿದೀಯ ಅಂತ ಎಲ್ಲರೂ ಅಂದ್ರು. ಆದ್ರೆ ಗಾಡಿ ತಗೊಂಡಾಗ್ಲೇ ಅದಿರ್ಲಿಲ್ಲ ಕಣೋ. ನಂಗೆ ಅದರ ಅಭ್ಯಾಸಾನೇ ಇಲ್ಲ."

"ಇಷ್ಟು ವರ್ಷ ನಾನು ಊರೆಲ್ಲ ಬಯ್ಕೊಂಡು ತಿರುಗಿದೆ. ಗೇರಿಲ್ಲ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಗೆದ್ದವನು ಯಾಕೋ ಗೇರಿನ ಮಾತಾಡ್ತಾನೆ?" ಎಂದು ನಕ್ಕ. ಚುಚ್ಚಲಿಕ್ಕೆ ಹೇಳಿದ್ದಲ್ಲ, ಅದೇ ಸಂಕಟ. ಆಮೇಲೆ ನನ್ನ ಬೈಕಿನ ಕಡೆ ನೋಡಿ ಮುಖ ಸಣ್ಣ ಮಾಡಿಕೊಂಡ. "ಪಾಪ, ನಿಂದು ಸುಮ್ನೆ ನಿಂತುಬಿಡ್ತಲ್ಲ. ವಾಪಸ್ ಹಾಕ್ಕೋ. ನಂಗೆ ಅದರ ಕೆಲ್ಸ ಇಲ್ಲ."

"ಬೇಡ," ಎಂದೆ. "ನಿನ್ನ ಹತ್ರಾನೇ ಇರ್ಲಿ."

ಎಂಥ ದೊಡ್ಡ ಮನಸ್ಸು ಎಂದು ಯಾರೋ ಮತ್ತೆ ನನ್ನ ಬೆನ್ನು ತಟ್ಟಿದರು. ಅಕ್ಕನೂ ಬಂದು ನನ್ನ ಕೈ ಹಿಡಿದುಕೊಂಡಳು. ನಾನು ಭಾವನ ಕಾಲನ್ನು ನೋಡುತ್ತಿದ್ದೆ. ಗೇರು ಅಲ್ಲೇ ಇದ್ದರೆ, ಯಾವತ್ತಾದರೂ ಒಂದು ದಿನ, ಮರೆತಾದರೂ ಸರಿ, ಆ ಏರಿನಲ್ಲಿ ಅವನು ಅದನ್ನು ಒತ್ತಿಯಾನು.