ಹೊಲಿಗೆಯವಳ ಬೇರೆ ತಟ್ಟೆ

ಆ ದಿನದ ಚಿಕಿತ್ಸೆ ಮುಗಿಸಿ ಮನೆಗೆ ಬಂದವಳ ತಟ್ಟೆಯನ್ನು ಬೇರೆ ಇಡಲು ನಿಮಗೆ ಹೇಳಿಕೊಟ್ಟವರು ಯಾರು?

ಎಡಸ್ತನದ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡ ಆ ಹೊಲಿಗೆಯವಳು ವಿಕಿರಣ ಚಿಕಿತ್ಸೆಗೆ ಅಂಜಿದವಳಲ್ಲ. ಎದೆಯ ಮೇಲೆ ಚುಕ್ಕಿ ಗುರುತು ಹಾಕುವಾಗ, "ಅಳತೆ ಸರಿಯಾಗಿ ತಗೊಳ್ಳಪ್ಪ, ಇದು ಬಿಚ್ಚಿ ಮತ್ತೆ ಹೊಲಿಯೋ ಬಟ್ಟೆ ಅಲ್ಲ" ಎಂದು ತಂತ್ರಜ್ಞನನ್ನು ನಗಿಸಿದ್ದಳು. ಉಸಿರನ್ನು ತುಂಬ ಎಳೆದು ಹಿಡಿದರೆ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ; ಹಿಡಿದಿರುವಷ್ಟು ಹೊತ್ತು ಮಾತ್ರ ಕಿರಣ, ಬಿಟ್ಟೊಡನೆ ಯಂತ್ರ ಸ್ತಬ್ಧ. "ಹಿಡ್ಕೊಳ್ತೀರಾ ಅಮ್ಮಾ?" ಎಂದು ಅವನು ಕೇಳಿದರೆ, "ಮದುವೆಯಾದಾಗಿಂದ ಆ ಮನೇಲಿ ಮಾಡಿದ್ದು ಅದೇ ಕೆಲಸ" ಎಂದಿದ್ದಳು.

ಹೃದಯವನ್ನು ಕಾಪಾಡಿ, ರೋಗವಿದ್ದ ಜಾಗವನ್ನೇ ಗುರಿಯಿಟ್ಟು ಹೊಡೆಯುವ ಅಂಥ ನಾಜೂಕಿನ ಕೆಲಸವನ್ನು ಮನೆಯವರು ಮಣ್ಣುಪಾಲು ಮಾಡಿದರು. ಮೊದಲ ದಿನ ಜೊತೆಗೆ ಬಂದ ಮಗ ಕಂಡದ್ದಿಷ್ಟೇ: ತಾಯಿಯನ್ನು ಮಲಗಿಸಿ ಸಿಬ್ಬಂದಿಯೆಲ್ಲ ಹೊರಗೆ ಬಂದರು, ದಪ್ಪ ಬಾಗಿಲು ಮುಚ್ಚಿತು. ಅಂದು ಸಂಜೆಯಿಂದಲೇ ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ. ಮೊಮ್ಮಗಳು ಅವಳ ಕೋಣೆಗೆ ಕಾಲಿಡುವಂತಿರಲಿಲ್ಲ.

"ಆಸ್ಪತ್ರೆಯವರೇ ಹೊರಗೆ ಓಡ್ತಾರಂತೆ ಅತ್ತೆ. ನಾವು ಮಗೂನ ನಿಮ್ಮ ತೊಡೆ ಮೇಲೆ ಕೂರಿಸೋದಾ?" ಎಂದಳು ಸೊಸೆ, ಮೆತ್ತಗೆ.

ಮರುವಾರ ಹೊಲಿಗೆಯವಳು ತಂತ್ರಜ್ಞನಿಗೆ ಹೇಳಿದಳು: "ನಾಳೆಯಿಂದ ಬರಲ್ಲಪ್ಪ. ಗಡ್ಡೆ ಇದ್ದಾಗ ಮಗು ನನ್ನ ಪಕ್ಕದಲ್ಲೇ ಮಲಗ್ತಿತ್ತು."

ಅವನು ಮಗನನ್ನು ಕರೆಸಿದ. "ನಾವು ಹೊರಗೆ ಬರೋದು ಯಂತ್ರದ ಕಿರಣ ದಿನವಿಡೀ ತಗಲಬಾರದು ಅಂತ. ನಿಮ್ಮ ತಾಯಿಗೆ ಹೆದರಿ ಅಲ್ಲ. ಯಂತ್ರ ನಿಂತರೆ ಎಲ್ಲ ಮುಗೀತು. ದೀಪ ಆರಿಸಿದ ಮೇಲೆ ಕೋಣೇಲಿ ಬೆಳಕು ಉಳಿಯುತ್ತಾ?"

ಮಗ ಅರ್ಥವಾಯಿತೆಂದು ಗೋಣು ಆಡಿಸಿದ. ಮನೆಗೆ ಬಂದು ಹೆಂಡತಿಗೆ ಹೇಳಿದ: "ಏನೂ ಆಗಲ್ವಂತೆ. ಆದ್ರೂ ಯಾಕೆ ಬೇಕು, ಮುಗಿಯೋವರೆಗೂ ಹೀಗೇ ಇರಲಿ."

ಗೋಡೆಯಾಚೆ ಕುಳಿತಿದ್ದ ತಾಯಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ತಿಳಿಯದವನ ಭಯವನ್ನು ಕ್ಷಮಿಸಬಹುದು. ತಿಳಿದೂ ಹೆತ್ತವಳನ್ನು ಮೂಲೆಗಿಟ್ಟವನಿಗೆ ಏನೆನ್ನೋಣ?

ಮರುದಿನ ಚಿಕಿತ್ಸೆಯ ಮಂಚ ಸಿದ್ಧವಿತ್ತು, ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. "ಅಮ್ಮಂದೇ ಹಟ, ನಾವೇನ್ ಮಾಡೋಕಾಗತ್ತೆ" ಎಂದು ಮಗ ನೆಂಟರ ಮುಂದೆ ಕೈ ತೊಳೆದುಕೊಂಡ.

ಅಳಿದುಳಿದ ರೋಗ ಇಂಥ ಸಬೂಬುಗಳನ್ನು ಕೇಳುತ್ತ ಕೂರುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಒಬ್ಬಳನ್ನು ದೂರ ಕೂರಿಸಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ ಏಳಿ. ಮಗುವನ್ನು ಅವಳ ಕೈಗೆ ಕೊಡಿ, ಅವಳ ಪಕ್ಕದಲ್ಲೇ ಕುಳಿತು ಉಣ್ಣಿ. ನಾಳೆ ಅವಳನ್ನು ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ.